ಲಕ್ಷ್ಮಣ ಫಲ: ಹಣ್ಣು ಸರಿ, ಮದ್ದು ಹೌದೇ?

ಒಂಬತ್ತನೇ ತರಗತಿಗೆ ಜೀವಕೋಶದ ಪಾಠ ಮುಗಿಸಿ ಪುಸ್ತಕ ಮಡಚುತ್ತಿದ್ದೆ. ಗಂಟೆ ಹೊಡೆದು ಮಕ್ಕಳೆಲ್ಲ ಹೊರಗೆ ಓಡಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೇಜಿನ ಹತ್ತಿರ ಬಂದು ನಿಂತಳು. "ಸರ್, ಲಕ್ಷ್ಮಣ ಫಲ ಕ್ಯಾನ್ಸರ್ ಕೋಶಗಳನ್ನ ಆಸ್ಪತ್ರೆ ಔಷಧಿಗಿಂತ ಹತ್ತು ಸಾವಿರ ಪಟ್ಟು ಜೋರಾಗಿ ಕೊಲ್ಲುತ್ತಂತೆ. ನಿಜವಾ ಸರ್?"

ಎಲ್ಲಿ ಓದಿದೆಯಮ್ಮಾ ಎಂದೆ. ಮಾವನ ಮೊಬೈಲಿಗೆ ಬಂದ ಸಂದೇಶ. ಮನೆಯಲ್ಲಿ ಅಜ್ಜಿಗೆ ಕೆನ್ನೆಯ ಒಳಗಡೆ ಹುಣ್ಣಾಗಿ ತಿಂಗಳುಗಳೇ ಆಗಿವೆ, ಮಾಯುತ್ತಿಲ್ಲ. ಹಿತ್ತಿಲಿನಲ್ಲಿ ನರ್ಸರಿಯಿಂದ ತಂದು ನೆಟ್ಟ ಲಕ್ಷ್ಮಣ ಫಲದ ಮರವಿದೆ. ದಿನಾ ಬೆಳಿಗ್ಗೆ ಹತ್ತು ಎಲೆ ಕಿತ್ತು, ಮೂರು ಲೋಟ ನೀರಿಗೆ ಹಾಕಿ, ಒಂದು ಲೋಟಕ್ಕೆ ಇಳಿಸಿ ಅಜ್ಜಿಗೆ ಕುಡಿಸುತ್ತಿದ್ದಾರೆ. "ಎಲೆ ಕಿತ್ತು ಕುದಿಸಿ ಕೊಡೋದು ನಾನೇ ಸರ್" ಎಂದಳು. ಎಷ್ಟು ದಿನದಿಂದ ಎಂದು ಕೇಳಿದೆ. ಮೂರು ತಿಂಗಳು.

ಅಂದು ಸಂಜೆಯೇ ಅವರ ಮನೆಗೆ ಹೋದೆ. ಅಜ್ಜಿ ಜಗಲಿಯ ಮೇಲೆ ಕೂತಿದ್ದರು. ಡಾಕ್ಟರಿಗೆ ತೋರಿಸೋಣ ಎಂದಾಗ ಅವರು ಹೇಳಿದ್ದಿಷ್ಟು: "ಎಲೆ ಕಷಾಯ ತಾನೇ ಮೇಷ್ಟ್ರೇ, ಅದ್ರಿಂದೇನು ಕೆಟ್ಟದ್ದಾಗುತ್ತೆ? ದೇವ್ರ ಹೆಸ್ರಿರೋ ಗಿಡ."

ಹುಡುಗಿಯ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸುವ ಹಾಗಿರಲಿಲ್ಲ. ಏಕೆಂದರೆ ಆ 'ಹತ್ತು ಸಾವಿರ ಪಟ್ಟು' ಎಂಬ ಮಾತು ಯಾರೋ ಕೂತು ಹುಟ್ಟಿಸಿದ್ದಲ್ಲ. ಅದು ನಿಜವಾದ ಒಂದು ಸಂಶೋಧನಾ ಪ್ರಬಂಧದಲ್ಲಿಯೇ ಇದೆ. ತೊಡಕು ಇರುವುದೂ ಅಲ್ಲಿಯೇ.

ರಾಮಾಯಣದ ಹೆಸರು, ಅಮೆರಿಕದ ಗಿಡ

ಮೊದಲು ಅಜ್ಜಿಯ ಮಾತನ್ನೇ ತೆಗೆದುಕೊಳ್ಳೋಣ. ಟೇಕಲ್ ಸುತ್ತಿನ ಬಂಡೆಗುಡ್ಡಗಳಲ್ಲಿ ಸೀತಾಫಲದ ಗಿಡಗಳು ಯಾರೂ ನೆಡದೆ ತಾವಾಗಿಯೇ ಬೆಳೆಯುತ್ತವೆ. ಮಳೆಗಾಲ ಮುಗಿಯುವ ಹೊತ್ತಿಗೆ ಗುಡ್ಡ ಹತ್ತಿ, ಕಣ್ಣು ಬಿಟ್ಟ ಕಾಯಿಗಳನ್ನು ಆರಿಸಿ ತಂದು, ರಾಗಿ ಹುಲ್ಲಿನೊಳಗೆ ಬಚ್ಚಿಟ್ಟು ಹಣ್ಣು ಮಾಡದ ಹುಡುಗರು ನಮ್ಮ ಕಡೆ ವಿರಳ. ಹೀಗಾಗಿ ಸೀತಾಫಲ ನಮ್ಮದೇ ಎಂದು ನಾವು ಭಾವಿಸಿದ್ದೇವೆ. ಆದರೆ ಸಸ್ಯಶಾಸ್ತ್ರಜ್ಞರ ಪ್ರಕಾರ ಸೀತಾಫಲ, ರಾಮಫಲ, ಲಕ್ಷ್ಮಣ ಫಲ ಮೂರರ ತವರೂ ಅಮೆರಿಕ ಖಂಡದ ಉಷ್ಣ ಪ್ರದೇಶಗಳು. ಮೂರೂ 'ಅನೋನ' ಎಂಬ ಒಂದೇ ಕುಲಕ್ಕೆ ಸೇರಿದವು. ಸೀತಾಫಲ ಮತ್ತು ರಾಮಫಲ ಬಹಳ ಹಿಂದೆಯೇ ಬಂದು ಊರಿನವೇ ಆಗಿಬಿಟ್ಟವು. ಹಿತ್ತಿಲುಗಳಿಗೆ ತಡವಾಗಿ ಬಂದ ಮೂರನೆಯದಕ್ಕೆ ನಮ್ಮ ಜನ ಸಹಜವಾಗಿಯೇ ಲಕ್ಷ್ಮಣನ ಹೆಸರಿಟ್ಟರು. ಹನುಮಾನ ಫಲ, ಮುಳ್ಳು ರಾಮಫಲ ಎನ್ನುವವರೂ ಇದ್ದಾರೆ. ಬ್ರೆಜಿಲ್‌ನಲ್ಲಿ ಇದಕ್ಕೆ 'ಗ್ರವಿಯೋಲ' ಎಂದು ಹೆಸರು. ವಿದೇಶಿ ಮಾತ್ರೆಯ ಡಬ್ಬಿಗಳ ಮೇಲೆ ಕಾಣುವುದು ಈ ಹೆಸರೇ.

ಹೊರಗಿನಿಂದ ಬಂದದ್ದು ಎಂಬುದೇನೂ ದೋಷವಲ್ಲ. ಕೋಲಾರ ಜಿಲ್ಲೆಗೆ ಹೆಸರು ತಂದಿರುವ ಟೊಮ್ಯಾಟೊ ಕೂಡ ಅಲ್ಲಿಯದೇ. ಆಲೂಗಡ್ಡೆ, ಮೆಣಸಿನಕಾಯಿ, ಕಡಲೆಕಾಯಿ, ಸೀಬೆ, ಸಪೋಟ, ಪರಂಗಿ ಎಲ್ಲವೂ ಆ ದಿಕ್ಕಿನಿಂದ ಬಂದವು. ನಾನು ಹೇಳುವುದಿಷ್ಟೆ: ಹೆಸರಿನಲ್ಲಿ ಪುರಾಣವಿದ್ದ ಮಾತ್ರಕ್ಕೆ ಅದು ನಮ್ಮ ಹಿರಿಯರು ಶತಮಾನಗಟ್ಟಲೆ ಬಳಸಿ ನೋಡಿದ ಮದ್ದು ಎಂದು ತಿಳಿಯಬಾರದು. ಚರಕ, ಸುಶ್ರುತರ ಕಾಲದಲ್ಲಿ ಈ ಮರ ನಮ್ಮ ದೇಶದಲ್ಲಿ ಇರಲಿಲ್ಲ.

ಮರ ನೋಡಲು ಚೆಂದ. ಎರಡಾಳು, ಮೂರಾಳೆತ್ತರಕ್ಕೆ ಬೆಳೆಯುತ್ತದೆ. ಎಲೆ ಹೊಳಪಾಗಿದ್ದು ಉಜ್ಜಿದರೆ ಗಾಢ ವಾಸನೆ ಬರುತ್ತದೆ. ಹಲಸಿನ ಹಾಗೆ ದಪ್ಪ ಕೊಂಬೆ ಹಾಗೂ ಕಾಂಡದ ಮೇಲೆಯೇ ಹೂ ಬಿಟ್ಟು ಕಾಯಾಗುತ್ತದೆ. ಹಸಿರು ಸಿಪ್ಪೆಯ ಮೇಲೆ ಮೆತ್ತನೆಯ ಮುಳ್ಳು. ಒಳಗೆ ಹತ್ತಿಯಂತಹ ಬಿಳಿ ತಿರುಳು, ಹುಳಿ ಬೆರೆತ ಸಿಹಿ, ಕಪ್ಪು ಬೀಜ. ಹಣ್ಣು ಕಿಲೋಗಟ್ಟಲೆ ತೂಗುವುದುಂಟು. 'ಸಿ' ಜೀವಸತ್ವ ನೂರು ಗ್ರಾಂ ತಿರುಳಿನಲ್ಲಿ ಸುಮಾರು 20 ಮಿಲಿಗ್ರಾಂ ಇದೆ. ಸಂತೆಯಲ್ಲಿ ಅಗ್ಗವಾಗಿ ಸಿಗುವ ಸೀಬೆಹಣ್ಣಿನಲ್ಲಿ ಅದರ ಹತ್ತು ಪಟ್ಟು ಇರುತ್ತದೆ ಎಂಬುದನ್ನು ಮಾತ್ರ ಯಾರೂ ಮೊಬೈಲಿನಲ್ಲಿ ಕಳಿಸುವುದಿಲ್ಲ.

ಹತ್ತು ಸಾವಿರ ಪಟ್ಟು

1996ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಈ ಗಿಡದ ಬೀಜಗಳಿಂದ ಐದು ಹೊಸ ರಾಸಾಯನಿಕಗಳನ್ನು ಬೇರ್ಪಡಿಸಿದರು. ಅಸಿಟೋಜೆನಿನ್ ಎಂಬ ಗುಂಪಿಗೆ ಸೇರಿದ ವಸ್ತುಗಳಿವು. ಅವುಗಳಲ್ಲೊಂದನ್ನು ದೊಡ್ಡ ಕರುಳಿನ ಕ್ಯಾನ್ಸರಿನ ಒಂದು ಬಗೆಯ ಕೋಶಗಳ ಮೇಲೆ ಪ್ರಯೋಗಿಸಿದಾಗ, ಅಡ್ರಿಯಾಮೈಸಿನ್ ಎಂಬ ಪ್ರಸಿದ್ಧ ಔಷಧಿಯ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟಿದ್ದರೂ ಅದೇ ಪರಿಣಾಮ ಕಾಣಿಸಿತು. 'ಹತ್ತು ಸಾವಿರ ಪಟ್ಟು' ಹುಟ್ಟಿದ್ದು ಇಲ್ಲಿ.

ಈಗ ಆ ವಾಕ್ಯವನ್ನು ವಿಜ್ಞಾನದ ವಿದ್ಯಾರ್ಥಿಯಂತೆ ಮತ್ತೊಮ್ಮೆ ಓದಿ ನೋಡಿ. ಪ್ರಯೋಗಕ್ಕೆ ಬಳಸಿದ್ದು ಎಲೆಯ ಕಷಾಯವಲ್ಲ, ಹಣ್ಣಿನ ತಿರುಳೂ ಅಲ್ಲ. ಯಾರೂ ತಿನ್ನದೆ ಉಗುಳುವ ಬೀಜದಿಂದ ಶುದ್ಧಗೊಳಿಸಿ ತೆಗೆದ ಒಂದೇ ಒಂದು ರಾಸಾಯನಿಕ. ಪ್ರಯೋಗ ನಡೆದದ್ದು ಪ್ರಯೋಗಶಾಲೆಯಲ್ಲಿ ಸಾಕಿದ ಕೋಶಗಳ ಮೇಲೆ, ರೋಗಿಯ ಮೇಲಲ್ಲ. ಆ ಪರಿಣಾಮ ಕಂಡದ್ದು ಎಲ್ಲ ಕ್ಯಾನ್ಸರ್ ಕೋಶಗಳ ಮೇಲೂ ಅಲ್ಲ, ಒಂದು ಬಗೆಯದರ ಮೇಲೆ.

ತರಗತಿಯಲ್ಲಿ ನಾನು ಕೇಳುವುದಿದೆ: ಗಾಜಿನ ತಟ್ಟೆಯಲ್ಲಿರುವ ಕ್ಯಾನ್ಸರ್ ಕೋಶಗಳ ಮೇಲೆ ಫಿನಾಯಿಲ್ ಸುರಿದರೆ ಏನಾಗುತ್ತದೆ? ಸಾಯುತ್ತವೆ. ಗಟ್ಟಿ ಉಪ್ಪುನೀರು ಹಾಕಿದರೂ ಸಾಯುತ್ತವೆ. ಹಾಗೆಂದು ಫಿನಾಯಿಲ್ ಕುಡಿಯುತ್ತೇವೆಯೇ? ಔಷಧಿ ಎನಿಸಿಕೊಳ್ಳಬೇಕಾದರೆ ಕೊಲ್ಲುವ ಶಕ್ತಿಯೊಂದೇ ಸಾಲದು. ಕುಡಿದದ್ದು ಹೊಟ್ಟೆಯ ಆಮ್ಲವನ್ನು ದಾಟಬೇಕು, ರಕ್ತಕ್ಕೆ ಸೇರಬೇಕು, ಪಿತ್ತಜನಕಾಂಗದಲ್ಲಿ ಒಡೆದುಹೋಗದೆ ಉಳಿಯಬೇಕು, ಗೆಡ್ಡೆಯ ತನಕ ಸಾಕಷ್ಟು ಪ್ರಮಾಣದಲ್ಲಿ ತಲುಪಬೇಕು, ಅಲ್ಲಿ ಕೆಟ್ಟ ಕೋಶವನ್ನು ಕೊಂದು ಪಕ್ಕದ ಒಳ್ಳೆಯ ಕೋಶವನ್ನು ಬಿಡಬೇಕು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1960ರಿಂದ ಸುಮಾರು ಎರಡು ದಶಕಗಳ ಕಾಲ 35,000ದಷ್ಟು ಜಾತಿಯ ಸಸ್ಯಗಳನ್ನು ಜರಡಿ ಹಿಡಿಯಿತು. ರೋಗಿಯ ಹಾಸಿಗೆಯ ತನಕ ಬಂದ ಔಷಧಿಗಳನ್ನು ಬೆರಳಲ್ಲಿ ಎಣಿಸಬಹುದು. ಲಕ್ಷ್ಮಣ ಫಲದ ಎಲೆಯಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ರೋಗಿಗಳ ಮೇಲೆ ಕ್ರಮಬದ್ಧವಾಗಿ ಪರೀಕ್ಷಿಸಿ ಸಿದ್ಧಪಡಿಸಿದ ಆಧಾರ ಇಂದಿಗೂ ಇಲ್ಲ.

'ಔಷಧಿ ಕಂಪನಿಗಳು ಲಾಭಕ್ಕಾಗಿ ಇದನ್ನು ಮುಚ್ಚಿಟ್ಟಿವೆ' ಎಂಬ ಸಾಲೂ ಆ ಸಂದೇಶದಲ್ಲಿ ತಪ್ಪದೆ ಇರುತ್ತದೆ. ಕಂಪನಿಗಳ ಲಾಭಕೋರತನದ ಬಗ್ಗೆ ನನಗೂ ಭ್ರಮೆಯಿಲ್ಲ. ಆದರೆ ಲಾಭವೇ ಗುರಿಯಾದವರು ಮರದಿಂದ ಹಣ ಬರುತ್ತದೆಂದರೆ ಬಿಡುತ್ತಾರೆಯೇ? ಯೂ ಎಂಬ ಮರದ ತೊಗಟೆಯಲ್ಲಿ ಸಿಕ್ಕಿದ ಟ್ಯಾಕ್ಸಾಲ್ ಅನ್ನು ಅವರು ಮುಚ್ಚಿಡಲಿಲ್ಲ. 1992ರಲ್ಲಿ ಅನುಮತಿ ಪಡೆದು ಜಗತ್ತಿಗೆಲ್ಲ ಮಾರಿದರು.

ಒಂದು ದ್ವೀಪದ ಕಥೆ

ಅಸಿಟೋಜೆನಿನ್‌ಗಳು ಕೋಶವನ್ನು ಕೊಲ್ಲುವುದು ಹೇಗೆ? ಮೈಟೋಕಾಂಡ್ರಿಯ ಎಂದರೆ ಕೋಶದ ವಿದ್ಯುದಾಗಾರ ಎಂದು ನೀವು ಬಾಯಿಪಾಠ ಮಾಡಿದ್ದೀರಲ್ಲ, ಅಲ್ಲಿಗೇ ಇವು ಕೈ ಹಾಕುತ್ತವೆ. ಉಸಿರಾಟದ ಸರಪಳಿಯ ಮೊದಲ ಕೊಂಡಿಯನ್ನೇ ತಡೆದು ಶಕ್ತಿಯ ತಯಾರಿಕೆಯನ್ನು ನಿಲ್ಲಿಸುತ್ತವೆ. ಗಿಡ ಇದನ್ನು ತಯಾರಿಸಿಕೊಂಡಿರುವುದು ನಮಗಾಗಿ ಅಲ್ಲ. ಎಲೆ, ಬೀಜ ತಿನ್ನಲು ಬರುವ ಹುಳುಗಳಿಗಾಗಿ. ಹಳ್ಳಿಯ ಹೆಂಗಸರಿಗೆ ಈ ಗುಣ ಗೊತ್ತಿತ್ತು. ಸೀತಾಫಲದ ಬೀಜ ಅರೆದು ಹಚ್ಚಿದರೆ ಹೇನು ಸಾಯುತ್ತದೆ ಎಂದು ಬಳಸುತ್ತಿದ್ದರು. ಅದು ಕಣ್ಣಿಗೆ ತಗುಲಿ, ಕಣ್ಣಿನ ಕಪ್ಪುಗುಡ್ಡೆಯ ಮೇಲ್ಪದರಕ್ಕೆ ಗಾಯವಾಗಿ ಆಸ್ಪತ್ರೆಗೆ ಬಂದವರ ಬಗ್ಗೆ ದಕ್ಷಿಣ ಭಾರತದ ನೇತ್ರವೈದ್ಯರು ಬರೆದಿದ್ದಾರೆ. ಹುಳುವಿಗೂ ಮೈಟೋಕಾಂಡ್ರಿಯ ಇದೆ, ಕ್ಯಾನ್ಸರ್ ಕೋಶಕ್ಕೂ ಇದೆ, ನಮ್ಮ ಮಿದುಳಿನ ಕೋಶಕ್ಕೂ ಇದೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿರುವ ಮಿದುಳು ದೇಹದ ಶಕ್ತಿಯಲ್ಲಿ ಐದನೇ ಒಂದು ಪಾಲನ್ನು ಬಳಸುತ್ತದೆ. ವಿದ್ಯುತ್ ಹೋದರೆ ಮೊದಲು ಕತ್ತಲಾಗುವ ಮನೆ ಅದೇ.

ಕೆರಿಬಿಯನ್ ಸಮುದ್ರದಲ್ಲಿ ಗ್ವಾಡೆಲೂಪ್ ಎಂಬ ದ್ವೀಪವಿದೆ. ಫ್ರಾನ್ಸ್ ದೇಶಕ್ಕೆ ಸೇರಿದ್ದು. ಅಲ್ಲಿನ ನರರೋಗ ತಜ್ಞರಿಗೆ ಒಂದು ವಿಚಿತ್ರ ಕಂಡಿತು. ಪಾರ್ಕಿನ್ಸನ್ ಕಾಯಿಲೆ ಎಂದರೆ ಕೈ ನಡುಗುವುದು, ನಡಿಗೆ ನಿಧಾನವಾಗುವುದು, ಮುಖ ಮರಗಟ್ಟುವುದು; ಇದಕ್ಕೆ ಮಾತ್ರೆಯಿದೆ, ಎಷ್ಟೋ ಮಟ್ಟಿಗೆ ಕೆಲಸ ಮಾಡುತ್ತದೆ. ಆದರೆ ಆ ದ್ವೀಪದಲ್ಲಿ ಇಂಥ ಲಕ್ಷಣಗಳೊಂದಿಗೆ ಬಂದವರಲ್ಲಿ ಮಾಮೂಲಿ ಪಾರ್ಕಿನ್ಸನ್ ಇದ್ದವರು ಸುಮಾರು ಕಾಲು ಭಾಗ ಮಾತ್ರ. ಉಳಿದ ಬಹುಪಾಲು ಮಂದಿಗೆ ಬಂದಿದ್ದುದು ಮಾತ್ರೆಗೆ ಬಗ್ಗದ, ಹೆಚ್ಚು ಕ್ರೂರವಾದ ಬೇರೆ ಬಗೆ. ಯೂರೋಪಿನಲ್ಲಿ ಈ ಲೆಕ್ಕ ತಿರುವುಮುರುವು. ಕಾರಣ ಹುಡುಕುತ್ತ ಹೋದಾಗ ಸಿಕ್ಕ ಸುಳಿವು, ಲಕ್ಷ್ಮಣ ಫಲ ಮತ್ತು ಅದರ ಕುಲದ ಹಣ್ಣುಗಳನ್ನು ಹೆಚ್ಚಾಗಿ ತಿನ್ನುವುದು, ಅವುಗಳ ಎಲೆಯ ಕಷಾಯವನ್ನು ನಿದ್ದೆಗೆಂದೂ ಆರೋಗ್ಯಕ್ಕೆಂದೂ ದಿನನಿತ್ಯ ಕುಡಿಯುವುದು. 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ವರದಿ ಬಂತು. ನಂತರ ಇಲಿಗಳಿಗೆ ಅನೋನಾಸಿನ್ ಎಂಬ ಅಸಿಟೋಜೆನಿನ್ ಅನ್ನು 28 ದಿನ ನೇರವಾಗಿ ರಕ್ತಕ್ಕೆ ಸೇರಿಸಿದಾಗ ಅವುಗಳ ಮಿದುಳಿನಲ್ಲಿಯೂ ಅಂಥದ್ದೇ ಜಾಗಗಳಲ್ಲಿ ನರಕೋಶಗಳು ನಾಶವಾದದ್ದು ಕಂಡಿತು. ಒಂದು ಹಣ್ಣಿನಲ್ಲಿ ಅಂದಾಜು 15 ಮಿಲಿಗ್ರಾಂ ಅನೋನಾಸಿನ್ ಇರುತ್ತದೆಂದೂ, ವರ್ಷವಿಡೀ ದಿನಕ್ಕೊಂದು ಹಣ್ಣು ತಿಂದವನ ದೇಹಕ್ಕೆ ಸೇರುವ ಒಟ್ಟು ಪ್ರಮಾಣ ಆ ಇಲಿಗಳಿಗೆ ಕೊಟ್ಟದ್ದಕ್ಕೆ ಸಮನಾಗಬಹುದೆಂದೂ ಫ್ರೆಂಚ್ ಸಂಶೋಧಕರು ಲೆಕ್ಕ ಹಾಕಿದರು.

ಇಲ್ಲಿಯೂ ನ್ಯಾಯವಾಗಿ ಮಾತಾಡಬೇಕು. ಇದು ಸಂಬಂಧ, ಸಾಬೀತಾದ ಕಾರಣವಲ್ಲ. ರಕ್ತಕ್ಕೆ ಚುಚ್ಚುವುದೂ ಬಾಯಲ್ಲಿ ತಿನ್ನುವುದೂ ಒಂದೇ ಅಲ್ಲ. ಗಾಜಿನ ತಟ್ಟೆಯ ಪ್ರಯೋಗವನ್ನು ನಂಬಬೇಡಿ ಎಂದವನು ಇಲಿಯ ಪ್ರಯೋಗವನ್ನು ಕಣ್ಣುಮುಚ್ಚಿ ನಂಬಿ ಎನ್ನಲಾರೆ. ಯಾವಾಗಲಾದರೂ ಒಂದು ಹಣ್ಣು ತಿಂದರೆ ಭಯಪಡಬೇಕಿಲ್ಲ. ಬೀಜವನ್ನು ಮಾತ್ರ ಜಗಿಯಬಾರದು. ಮಿಕ್ಸಿಗೆ ಹಾಕುವಾಗ ಒಂದೂ ಉಳಿಯದಂತೆ ಆರಿಸಿ ತೆಗೆಯಬೇಕು. ಆದರೆ ವಾಸಿಯಾಗುತ್ತದೆಂಬ ಆಧಾರವೇ ಇಲ್ಲದ, ಹಾನಿಯ ಅನುಮಾನವಿರುವ ಕಷಾಯವನ್ನು ತಿಂಗಳುಗಟ್ಟಲೆ ದಿನಾ ಕುಡಿಯುವುದು ಬೇರೆಯೇ ಮಾತು. ರಕ್ತದೊತ್ತಡ ಮತ್ತು ಸಕ್ಕರೆಯನ್ನು ಇಳಿಸುವ ಗುಣ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿರುವುದರಿಂದ, ಬಿ.ಪಿ., ಶುಗರ್‌ಗೆ ಮಾತ್ರೆ ನುಂಗುವವರು ಡಾಕ್ಟರಿಗೆ ಹೇಳದೆ ಇದನ್ನು ಮುಟ್ಟದಿರುವುದು ಲೇಸು.

'ರೋಗ ನಿರೋಧಕ ಶಕ್ತಿ ಹೆಚ್ಚಿಸುತ್ತದೆ' ಎಂಬ ಮಾತಿಗೂ ಇಲ್ಲೇ ಒಂದು ಮಾತು. ಈ ಶಕ್ತಿ ಓವರ್‌ಹೆಡ್ ಟ್ಯಾಂಕಿನ ನೀರಲ್ಲ, ತುಂಬಿಸಿದಷ್ಟೂ ಒಳ್ಳೆಯದು ಎನ್ನಲು. ಕೆಲವು ಬಗೆಯ ಸಂಧಿವಾತದಲ್ಲಿ ಆ ಶಕ್ತಿಯೇ ತಿರುಗಿಬಿದ್ದು ನಮ್ಮ ಕೀಲುಗಳನ್ನು ತಿನ್ನುತ್ತದೆ. ಕೋವಿಡ್ ಕಾಲದಲ್ಲಿ ನಾವೆಲ್ಲ ಏನೇನೋ ಕುಡಿದೆವು. 2020ರ ಕೊನೆಯ ತಿಂಗಳುಗಳಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದ್ದ ಆರು ಮಂದಿಯಲ್ಲಿ ಪಿತ್ತಜನಕಾಂಗದ ಉರಿಯೂತ ಕಂಡು ಮರುವರ್ಷ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ; ಅದೇ ರೀತಿ ಕಾಣುವ ಬೇರೆ ಬಳ್ಳಿ ಇರಬಹುದು ಎಂದಿತು. ಯಾರ ಮಾತು ಸರಿಯಾದರೂ ಹಿತ್ತಿಲಿನಲ್ಲಿ ಬಳ್ಳಿ ಕೀಳುವವನಿಗೆ ಅದರಲ್ಲಿ ಸಮಾಧಾನವಿಲ್ಲ.

ತುಳಸಿಕಟ್ಟೆಯ ಪಕ್ಕದ ಗಿಡ

ಹಾಗಾದರೆ ಗಿಡಮೂಲಿಕೆಯಲ್ಲಿ ಏನೂ ಇಲ್ಲವೇ ಎಂದು ಆ ಹುಡುಗಿ ಕೇಳಿದಳು. ಇದೆ, ಧಾರಾಳವಾಗಿ ಇದೆ. ದಕ್ಷಿಣ ಅಮೆರಿಕದ ಸಿಂಕೋನ ಮರದ ತೊಗಟೆ ಚಳಿಜ್ವರಕ್ಕೆ ಮದ್ದು ಎಂಬುದು ಹಳೆಯ ತಿಳಿವಳಿಕೆ. 1820ರಲ್ಲಿ ಪ್ಯಾರಿಸ್ಸಿನಲ್ಲಿ ಅದರಿಂದ ಕ್ವಿನೈನ್ ಬೇರ್ಪಡಿಸಿದರು. 1860ರ ದಶಕದಲ್ಲಿ ನಮ್ಮ ಪಕ್ಕದ ನೀಲಗಿರಿಯಲ್ಲಿ ಆ ಮರದ ತೋಟಗಳೇ ಎದ್ದವು. ಎಷ್ಟು ಕೊಡಬೇಕೆಂದು ತೂಗಿ ಹೇಳಲು ಸಾಧ್ಯವಾದದ್ದು ಬೇರ್ಪಡಿಸಿದ ಮೇಲೆಯೇ.

ಇನ್ನೂ ಚೆಲುವಾದ ಕಥೆ ನಿತ್ಯಪುಷ್ಪದ್ದು. ಕಾಶಿ ಕಣಗಿಲೆ ಎಂದೂ ಕರೆಯುವ, ತುಳಸಿಕಟ್ಟೆಯ ಪಕ್ಕದಲ್ಲೋ ಸಮಾಧಿಗಳ ನಡುವೆಯೋ ಬೇಡವೆಂದರೂ ಬೆಳೆಯುವ ಗುಲಾಬಿ ಹೂವಿನ ಗಿಡ. ಇದರ ತವರು ಮಡಗಾಸ್ಕರ್. 1952ರಲ್ಲಿ ಕೆನಡಾದ ವೈದ್ಯ ರಾಬರ್ಟ್ ನೋಬಲ್ ಅವರಿಗೆ ಜಮೈಕಾದಿಂದ ಈ ಗಿಡದ ಒಂದಿಷ್ಟು ಎಲೆಗಳು ಬಂದವು. ಅಲ್ಲಿನ ಜನ ಸಕ್ಕರೆ ಕಾಯಿಲೆಗೆ ಇದರ ಕಷಾಯ ಕುಡಿಯುತ್ತಿದ್ದರಂತೆ. ಇಲಿಗಳಿಗೆ ಕುಡಿಸಿ ನೋಡಿದರು: ಸಕ್ಕರೆ ಇಳಿಯಲಿಲ್ಲ, ಏನೂ ಆಗಲಿಲ್ಲ. ಚುಚ್ಚುಮದ್ದಾಗಿ ಕೊಟ್ಟರು: ಇಲಿಗಳು ಸೋಂಕು ತಗುಲಿ ಸತ್ತವು. ಪ್ರಯೋಗ ಕೆಟ್ಟಿತೆಂದು ಬಿಟ್ಟುಬಿಡಬಹುದಿತ್ತು. ಬಿಡದೆ ಏಕೆ ಸತ್ತವು ಎಂದು ನೋಡಿದಾಗ, ಅವುಗಳ ರಕ್ತದಲ್ಲಿ ಬಿಳಿ ಕಣಗಳೇ ಕುಸಿದಿದ್ದವು. ಬಿಳಿ ಕಣಗಳು ಮಿತಿಮೀರಿ ಬೆಳೆಯುವ ರಕ್ತದ ಕ್ಯಾನ್ಸರಿಗೆ ಇದೇ ಮದ್ದಾಗಬಾರದೇಕೆ ಎಂದು ಹೊಳೆಯಿತು. ನೋಬಲ್ ಮತ್ತು ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಬೀರ್ ಅದರಿಂದ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಅಮೆರಿಕದ ಇನ್ನೊಂದು ತಂಡ ಅದೇ ಗಿಡದಲ್ಲಿ ಕಂಡುಕೊಂಡ ವಿನ್‌ಕ್ರಿಸ್ಟಿನ್ 1963ರಲ್ಲಿ ಬಳಕೆಗೆ ಬಂತು. ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದಿಗೂ ಅದು ಮುಖ್ಯ ಔಷಧಿ. ನೂರಾರು ಕಿಲೋ ಒಣ ಎಲೆಯಿಂದ ಸಿಗುವುದು ಒಂದು ಗ್ರಾಂ. ಮಿಲಿಗ್ರಾಂ ಲೆಕ್ಕದಲ್ಲಿ, ರಕ್ತನಾಳಕ್ಕೇ ಕೊಡಬೇಕು. ಈ ಗಿಡದ ಎಲೆಯನ್ನು ಮನೆಯಲ್ಲಿ ಕುದಿಸಿ ಕುಡಿದವನಿಗೆ ಸಿಗುವುದು ವಿಷ ಮಾತ್ರ.

ಮೂರು ತಿಂಗಳು ಎಂದರೆ

ನನ್ನ ಚಿಂತೆ ಎಲೆಯಲ್ಲಿರುವ ರಾಸಾಯನಿಕಕ್ಕಿಂತ ಕಳೆದುಹೋದ ದಿನಗಳದ್ದು. ನಮ್ಮ ಕಡೆ ಗಂಡಸರಷ್ಟೇ ಅಲ್ಲ, ಹೆಂಗಸರೂ ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಹಾಕಿ ದವಡೆಯಲ್ಲಿ ಒತ್ತಿಟ್ಟುಕೊಳ್ಳುವ ಅಭ್ಯಾಸವಿದೆ. ಬಾಯಿಯ ಕ್ಯಾನ್ಸರ್ ಒಳಗೆಲ್ಲೋ ಅಡಗಿ ಕೂರುವ ಕಾಯಿಲೆಯಲ್ಲ. ಟಾರ್ಚ್ ಬೆಳಕು ಸಾಕು. ಎರಡು ಮೂರು ವಾರಕ್ಕೆ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಅಗಲಿಸಲು ಬಿಗಿತ, ಇವುಗಳಲ್ಲಿ ಒಂದಿದ್ದರೂ ತೋರಿಸಬೇಕು. ಆರಂಭದಲ್ಲಿ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯಬಹುದಾದದ್ದು ಕತ್ತಿನ ಗ್ರಂಥಿಗಳಿಗೆ ಇಳಿದ ಮೇಲೆ ಬೇರೆಯೇ ರೂಪ ತಾಳುತ್ತದೆ.

ಯೇಲ್ ವಿಶ್ವವಿದ್ಯಾಲಯದ ವೈದ್ಯರ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ದೂರದ ಅಂಗಗಳಿಗೆ ಹರಡುವ ಮೊದಲೇ ಪತ್ತೆಯಾಗಿದ್ದರೂ ಆಸ್ಪತ್ರೆಯ ಚಿಕಿತ್ಸೆ ಬೇಡವೆಂದು ಪರ್ಯಾಯ ಮದ್ದನ್ನಷ್ಟೇ ನಂಬಿದ 281 ಜನರನ್ನು, ಅವರಂತೆಯೇ ಇದ್ದು ಚಿಕಿತ್ಸೆ ಪಡೆದ 560 ಜನರೊಂದಿಗೆ ಹೋಲಿಸಿದ್ದರು. ಮೊದಲಿನ ಗುಂಪಿನಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಹೆಚ್ಚು.

ಕಾನೂನೇನೋ ಇದೆ. ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ 1954ರ ಕಾಯ್ದೆಯ ಪ್ರಕಾರ, ಕ್ಯಾನ್ಸರ್, ಸಕ್ಕರೆ ಕಾಯಿಲೆ ಮುಂತಾದವನ್ನು ಗುಣಪಡಿಸುತ್ತೇವೆಂದು ಮದ್ದಿನ ಜಾಹೀರಾತು ಕೊಡುವುದು ಅಪರಾಧ. ಆದರೆ ಮಾವ ಅಳಿಯನಿಗೆ, ಅಳಿಯ ಷಡ್ಡಕನಿಗೆ ಕಳಿಸುವ ಸಂದೇಶವನ್ನು ಯಾವ ಕಾನೂನು ತಡೆದೀತು? ಅವರಾರೂ ಕೆಟ್ಟವರಲ್ಲ. ಭಯ, ಖರ್ಚಿನ ಅಂಜಿಕೆ, ಕೀಮೋಥೆರಪಿಯಿಂದ ಕೂದಲು ಉದುರಿದವರನ್ನು ಕಂಡ ನೆನಪು ಇವೆಲ್ಲ ಸೇರಿ ಎಲೆಯ ಕಡೆಗೆ ಕೈ ಹೋಗುತ್ತದೆ. ಬೆಂಗಳೂರಿನಲ್ಲಿ 1973ರಿಂದ ಸರ್ಕಾರದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ, ನಮ್ಮೂರಿನಿಂದ ರೈಲಿದೆ. ಆದರೂ ಮೊದಲ ಹೆಜ್ಜೆಗೇ ತಿಂಗಳುಗಳು ಹಿಡಿಯುತ್ತವೆ.

ಅಜ್ಜಿಯನ್ನು ಒಪ್ಪಿಸಲು ನನಗೆ ಮೂರು ಸಂಜೆ ಬೇಕಾಯಿತು. ಒಪ್ಪಿಸಿದ್ದು ನಾನಲ್ಲ, ಮೊಮ್ಮಗಳು. ನಾನು ಹೇಳಿದ ಮೈಟೋಕಾಂಡ್ರಿಯದ ಕಥೆಯನ್ನು ತನ್ನದೇ ಮಾತಿನಲ್ಲಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದಳು. ಪರೀಕ್ಷೆಯ ವರದಿ ಅನುಮಾನಪಟ್ಟಂತೆಯೇ ಬಂತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕೆನ್ನೆಯ ಜೊತೆಗೆ ದವಡೆಯ ಒಂದು ಭಾಗವನ್ನೂ ತೆಗೆದರು. ಆಮೇಲೆ ವಿಕಿರಣ ಚಿಕಿತ್ಸೆ. ಎಷ್ಟು ದಿನದಿಂದ ಇತ್ತು ಎಂದು ಡಾಕ್ಟರು ಕೇಳಿದಾಗ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ.

"ನಾನು ಕುದಿಸಿ ಕೊಡದೇ ಇದ್ದಿದ್ರೆ ಸರ್?" ಎಂದು ಹುಡುಗಿ ಒಂದು ದಿನ ಕೇಳಿದಳು. ನೀನು ಕೇಳದೇ ಇದ್ದಿದ್ದರೆ ಇನ್ನೂ ಆರು ತಿಂಗಳು ಹೋಗುತ್ತಿತ್ತಮ್ಮಾ ಎಂದೆ. ಅವಳಿಗೆ ಸಮಾಧಾನವಾಯಿತೋ ಇಲ್ಲವೋ.

ಅಜ್ಜಿ ಈಗ ಗಂಜಿ, ಮೆತ್ತಗಿನ ಮುದ್ದೆ ನುಂಗುತ್ತಾರೆ. ಮಾತು ಸ್ವಲ್ಪ ತೊದಲು. ಮೂರು ತಿಂಗಳಿಗೊಮ್ಮೆ ಬೆಳಗಿನ ರೈಲಿಗೆ ಹೋಗಿ ತೋರಿಸಿಕೊಂಡು ಬರುತ್ತಾರೆ. ಹಿತ್ತಿಲಿನ ಮರವನ್ನು ಕಡಿಯಲು ಹೊರಟಿದ್ದರು, ಬೇಡವೆಂದೆ. ಈ ಸಲ ಏಳು ಕಾಯಿ ಹಿಡಿದಿದೆಯಂತೆ. ಹಣ್ಣಾದ ಮೇಲೆ ಒಂದನ್ನು ತರಗತಿಗೆ ತರುತ್ತಾಳೆ. ಕೊಯ್ದು, ಬೀಜಗಳನ್ನು ಎಣಿಸಿ ತೆಗೆದಿಟ್ಟು, ತಿರುಳನ್ನು ಹಂಚಿಕೊಂಡು ತಿನ್ನುವುದೆಂದು ಗೊತ್ತುಮಾಡಿದ್ದೇವೆ.